ಮಳೆಗೆ ಮೊದಲಿನ ಸಸಿಮಡಿ



ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ ಸೀಮೆಯಲ್ಲಿ ಶಿವರಾತ್ರಿಯ ಹೊತ್ತಿಗೆ ಹೊಗೆಸೊಪ್ಪಿನ ಸಸಿಮಡಿ ಸಿದ್ಧವಾಗುತ್ತದೆ. ಬಿಸಿಲು ಇನ್ನೂ ಏರುತ್ತಿರುತ್ತದೆ, ಕೆರೆಯ ನೀರು ಇಳಿಯುತ್ತಿರುತ್ತದೆ, ಮಳೆಯ ಸುಳಿವೇ ಇರುವುದಿಲ್ಲ. ಆದರೂ ರೈತ ಮಡಿ ಮಾಡುತ್ತಾನೆ. ಸಾಸಿವೆಗಿಂತಲೂ ಸಣ್ಣದಾದ ಬೀಜವನ್ನು ನೀರಿಗೆ ಕಲಸಿ, ಜರಡಿ ಮೂತಿಯ ಕ್ಯಾನಿನಿಂದ ಚಿಮುಕಿಸಿ, ಮೇಲೆ ಹುಲ್ಲು ಹೊದಿಸಿ, ಎರಡು ತಿಂಗಳು ಮಗುವಿನಂತೆ ಕಾಯುತ್ತಾನೆ. ಭರಣಿ ಮಳೆ ಬಿದ್ದ ದಿನ ಸಸಿ ಕೈಯಲ್ಲಿರಬೇಕು. ಮಳೆ ಬಿದ್ದ ಮೇಲೆ ಬೀಜ ಹುಡುಕಿಕೊಂಡು ಹೊರಟವನ ಹೊಲ ಆ ವರ್ಷ ಬೀಳು. ಇದನ್ನು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಯಾವ ರೈತನಿಗೂ ಯಾರೂ ಹೇಳಿಕೊಡಬೇಕಾಗಿಲ್ಲ. (ಹೊಗೆಸೊಪ್ಪು ಆರೋಗ್ಯಕ್ಕೆ ಮಾಡುವ ಕೇಡಿನ ವಿಚಾರ ಬೇರೆ. ಅದನ್ನು ಇನ್ನೊಂದು ದಿನ ಮಾತಾಡಬೇಕು, ಮಾತಾಡಲೇಬೇಕು.)

ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಫೆಬ್ರವರಿಯಲ್ಲಿ, ನಮ್ಮಿಂದ ಬಹಳ ದೂರದಲ್ಲಿ ಇನ್ನೊಂದು ಸಸಿಮಡಿಯ ಕೆಲಸ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಕರೆದ ತಜ್ಞರು ಒಂದೆಡೆ ಕೂತು, ಬರುವ ಚಳಿಗಾಲದಲ್ಲಿ ಭೂಮಿಯ ಉತ್ತರಾರ್ಧದ ಜನರನ್ನು ಕಾಡಬಹುದಾದ ಇನ್‌ಫ್ಲುಯೆಂಜಾ ವೈರಸ್ಸಿನ ತಳಿ ಯಾವುದೆಂದು ಲೆಕ್ಕ ಹಾಕುತ್ತಾರೆ. ಮತ್ತೆ ಸೆಪ್ಟೆಂಬರ್‌ನಲ್ಲಿ ಸೇರಿ ದಕ್ಷಿಣಾರ್ಧದ ಲೆಕ್ಕ ಮಾಡುತ್ತಾರೆ. ಅವರು ಹೇಳಿದ ತಳಿಗೆ ತಕ್ಕ ಲಸಿಕೆ ಕಾರ್ಖಾನೆಯಿಂದ ಹೊರಬರಲು ಆರು ತಿಂಗಳು ಬೇಕು. ಕಾಯಿಲೆ ಬರುವ ಮೊದಲೇ ಕಾಯಿಲೆಯ ತಳಿ ಊಹಿಸಿ ಮದ್ದು ಬೆಳೆಯುವ ಕೆಲಸ ಅದು. ನಾನು ಈ ಹೊತ್ತು ಮಾತಾಡಬೇಕೆಂದಿರುವುದು ಈ ಎರಡನೆಯ ಸಸಿಮಡಿಯ ವಿಚಾರ.

ನಾನು ಆರೋಗ್ಯ ಸಹಾಯಕಿಯಾಗಿ ದುಡಿದವಳು. ಲಸಿಕೆಯ ನೀಲಿ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ತಿರುಗಿದವಳು. ಕೊರೊನಾ ಹೋದ ಮೇಲೆ ಒಮ್ಮೆ ಜಗಲಿಯ ಮೇಲೆ ಕೂತಿದ್ದ ಅಜ್ಜಿಯೊಬ್ಬರ ಹತ್ತಿರ ಫ್ಲೂ ಲಸಿಕೆಯ ಮಾತು ತೆಗೆದೆ. ಅವರು ಎಲೆಯಡಿಕೆ ಪಕ್ಕಕ್ಕಿಟ್ಟು, “ನೆಗಡಿಗೂ ಸೂಜಿಯಾ ಮಗಾ? ಕಷಾಯ ಕುಡುದ್ರೆ ಹೋಯ್ತದೆ ಕಣವ್ವ” ಎಂದರು. ಅಜ್ಜಿ ಹೇಳಿದ್ದು ನೆಗಡಿಯ ಮಟ್ಟಿಗೆ ಸರಿ. ಆದರೆ ಇನ್‌ಫ್ಲುಯೆಂಜಾ ನೆಗಡಿಯಲ್ಲ. ನೆಗಡಿ ಮೂಗಿನಲ್ಲಿ ಶುರುವಾಗಿ ಮೂಗಿನಲ್ಲೇ ಮುಗಿಯುತ್ತದೆ. ಫ್ಲೂ ಒಮ್ಮೆಲೇ ಬಂದು ಮೈ ಕೈ ಮುರಿದು ಹಾಕುತ್ತದೆ, ಕೆಲವರಲ್ಲಿ ಎದೆಗೆ ಇಳಿಯುತ್ತದೆ. ಜಗತ್ತಿನಲ್ಲಿ ಪ್ರತಿವರ್ಷ 2.9 ಲಕ್ಷದಿಂದ 6.5 ಲಕ್ಷ ಜನ ಇದು ತಂದ ಉಸಿರಾಟದ ತೊಂದರೆಯಿಂದ ಸಾಯುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದು ಮಾಮೂಲಿ ವರ್ಷಗಳ ಲೆಕ್ಕ.

ಮಾಮೂಲಿಯಲ್ಲದ ವರ್ಷವೂ ಬರುತ್ತದೆ. ವೈರಸ್ಸು ಇದ್ದಕ್ಕಿದ್ದಂತೆ ಪೂರ್ತಿ ವೇಷ ಬದಲಿಸಿಕೊಂಡು, ಯಾರ ಮೈಗೂ ಪರಿಚಯವಿಲ್ಲದ ತಳಿಯಾಗಿ ಎದುರಾಗುತ್ತದೆ. 1918ರಲ್ಲಿ ಆದದ್ದು ಅದೇ. ಬೊಂಬಾಯಿಯಿಂದ ಹೊರಟ ಜ್ವರ ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಹಬ್ಬಿತು. ವಿಶ್ವೇಶ್ವರಯ್ಯನವರ ದಿವಾನಗಿರಿಯ ಕೊನೆಯ ತಿಂಗಳುಗಳು ಅವು. ಬೆಂಗಳೂರಿನಲ್ಲಿ ಶಾಲೆಗಳು ಮುಚ್ಚಿದವು, ಮಲಗಿದವರ ಮನೆಗೆ ಸ್ವಯಂಸೇವಕರು ಗಂಜಿ ಹಂಚಿದರು. ಸಂಸ್ಥಾನದ ಜನಸಂಖ್ಯೆ 1911ರಲ್ಲಿ 58 ಲಕ್ಷ ಇದ್ದದ್ದು, ಹತ್ತು ವರ್ಷ ಕಳೆದು 1921ರಲ್ಲಿ ಎಣಿಸಿದಾಗ ಎರಡು ಲಕ್ಷದಷ್ಟೂ ಹೆಚ್ಚಿರಲಿಲ್ಲ. ಇಡೀ ಭಾರತದ ಲೆಕ್ಕದಲ್ಲಂತೂ ಆ ದಶಕದಲ್ಲಿ ಜನ ಹೆಚ್ಚುವ ಬದಲು ಕಡಿಮೆಯಾದರು. ದೇಶದಲ್ಲಿ ಸತ್ತವರು ಕೋಟಿಗೂ ಮೀರಿ. ಆಗ ಲಸಿಕೆ ಇರಲಿಲ್ಲ, ಇರುವುದು ಸಾಧ್ಯವೂ ಇರಲಿಲ್ಲ. ಮನುಷ್ಯರಿಗೆ ಬರುವ ಇನ್‌ಫ್ಲುಯೆಂಜಾದ ವೈರಸ್ಸನ್ನು ವಿಜ್ಞಾನಿಗಳು ಬೇರ್ಪಡಿಸಿ ಗುರುತಿಸಿದ್ದೇ 1933ರಲ್ಲಿ, ಲಂಡನ್ನಿನಲ್ಲಿ.

ಗುರುತಿಸಿದ ಮೇಲೆ ಅದನ್ನು ಬೆಳೆಸುವುದು ಎಲ್ಲಿ ಎಂಬ ಪ್ರಶ್ನೆ ಬಂತು. ಉತ್ತರ ಸಿಕ್ಕಿದ್ದು ಕೋಳಿಮೊಟ್ಟೆಯಲ್ಲಿ. 1940ರ ದಶಕದಲ್ಲಿ ಅಮೆರಿಕದ ಥಾಮಸ್ ಫ್ರಾನ್ಸಿಸ್, ಅವರ ಶಿಷ್ಯ ಜೋನಾಸ್ ಸಾಕ್ ತಮ್ಮ ದೇಶದ ಸೈನಿಕರಿಗಾಗಿ ಮೊಟ್ಟೆಯಲ್ಲಿ ಬೆಳೆಸಿದ ಫ್ಲೂ ಲಸಿಕೆ ಮಾಡಿದರು. ಎಂಬತ್ತು ವರ್ಷ ಕಳೆದರೂ ಜಗತ್ತಿನ ಫ್ಲೂ ಲಸಿಕೆಯ ಬಹುಪಾಲು ಇವತ್ತಿಗೂ ಮೊಟ್ಟೆಯಿಂದಲೇ ಬರುತ್ತಿದೆ.

ನಮ್ಮ ಮನೆಗಳಲ್ಲಿ ಕೋಳಿಯನ್ನು ಕಾವಿಗೆ ಕೂರಿಸುವುದನ್ನು ನೀವೆಲ್ಲ ನೋಡಿದ್ದೀರಿ. ಮಂಕರಿಗೆ ಹುಲ್ಲು ಹಾಸಿ, ಹತ್ತು ಹದಿನೈದು ಮೊಟ್ಟೆ ಜೋಡಿಸಿ, ಮೂಲೆಯ ಕತ್ತಲಲ್ಲಿ ಇಡುತ್ತಾರೆ. ಎಂಟು ಹತ್ತು ದಿನ ಕಳೆದ ಮೇಲೆ ನನ್ನ ಅತ್ತೆ ರಾತ್ರಿ ಹೊತ್ತು ಒಂದೊಂದೇ ಮೊಟ್ಟೆಯನ್ನು ಮೆಲ್ಲಗೆ ತೆಗೆದು, ಅಂಗೈ ಮರೆ ಮಾಡಿ, ಬುಡ್ಡಿದೀಪಕ್ಕೆ ಹಿಡಿಯುತ್ತಿದ್ದರು. ಒಳಗೆ ಜೇಡರ ಬಲೆಯಂತೆ ಕೆಂಪು ನರಗಳು ಹರಡಿರುತ್ತಿದ್ದವು, ನಡುವೆ ಒಂದು ಕಪ್ಪು ಚುಕ್ಕೆ ಮಿಸುಕುತ್ತಿತ್ತು. ಅಂಥದ್ದು ಮರಿಯಾಗುವ ಮೊಟ್ಟೆ. ಬರಿದೇ ಹಳದಿಯಾಗಿ ಬೆಳಗಿದರೆ ಅದು ಕೆಟ್ಟದ್ದು, ಆಚೆಗೆ. ಲಸಿಕೆಯ ಕಾರ್ಖಾನೆಯಲ್ಲೂ ಇದೇ ನಡೆಯುತ್ತದೆ. ಒಂಬತ್ತರಿಂದ ಹನ್ನೊಂದು ದಿನ ಕಾವು ಕೊಟ್ಟ ಮೊಟ್ಟೆಗಳನ್ನು ಸಾಲು ಸಾಲಾಗಿ ಬೆಳಕಿಗೆ ಹಿಡಿದು, ಜೀವ ಇರುವುದನ್ನು ಆರಿಸುತ್ತಾರೆ. ಚಿಪ್ಪಿಗೆ ಸೂಜಿಮೊನೆಯಷ್ಟು ತೂತು ಮಾಡಿ ವೈರಸ್ಸನ್ನು ಒಳಗೆ ಬಿಟ್ಟು, ಎರಡು ಮೂರು ದಿನ ಮತ್ತೆ ಕಾವಿಗಿಡುತ್ತಾರೆ. ಭ್ರೂಣದ ಸುತ್ತಲ ನೀರಿನಲ್ಲಿ ವೈರಸ್ಸು ತುಂಬಿಕೊಳ್ಳುತ್ತದೆ. ಆ ನೀರನ್ನು ತೆಗೆದು, ವೈರಸ್ಸನ್ನು ಸಾಯಿಸಿ, ಸೋಸಿ, ಶುದ್ಧಮಾಡಿ ಶೀಶೆಗೆ ತುಂಬಿದರೆ ಅದೇ ಲಸಿಕೆ. ಒಂದು ಡೋಸಿಗೆ ಹೆಚ್ಚು ಕಡಿಮೆ ಒಂದು ಮೊಟ್ಟೆ.

ಆ ಮೊಟ್ಟೆ ಸಂತೆಯಲ್ಲಿ ಸಿಗುವುದಿಲ್ಲ. ರೋಗ ಸೋಕದಂತೆ ಬೇಲಿಯೊಳಗೆ ಸಾಕಿದ ಕೋಳಿಗಳ ಮೊಟ್ಟೆಯೇ ಬೇಕು. ಆ ಕೋಳಿಗಳು ಮೊಟ್ಟೆಯಿಡುವ ವಯಸ್ಸಿಗೆ ಬರಲು ಐದು ತಿಂಗಳಾದರೂ ಬೇಕು. ಅಂದರೆ ಲಸಿಕೆಯ ಸಸಿಮಡಿಗೂ ಮುಂಚೆ ಕೋಳಿಮರಿಯ ಮಡಿ ಸಿದ್ಧವಾಗಿರಬೇಕು. ಹಣ ಎಷ್ಟಿದ್ದರೂ ಮರಿಯನ್ನು ಒಂದೇ ರಾತ್ರಿಗೆ ಹೇಟೆ ಮಾಡಲಾಗುವುದಿಲ್ಲ.

ಈಗ ಲೆಕ್ಕಕ್ಕೆ ಬರುತ್ತೇನೆ. 2006ರಲ್ಲಿ ಇಡೀ ಜಗತ್ತು ವರ್ಷಕ್ಕೆ ಮಾಡಬಲ್ಲ ಫ್ಲೂ ಲಸಿಕೆ 50 ಕೋಟಿ ಡೋಸಿಗೂ ಕಡಿಮೆಯಿತ್ತು. ಆ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಹತ್ತು ವರ್ಷದ ಯೋಜನೆಯೊಂದನ್ನು ಹಾಕಿಕೊಂಡು, ಬಡ ಮತ್ತು ಮಧ್ಯಮ ಆದಾಯದ ದೇಶಗಳೂ ಲಸಿಕೆ ತಯಾರಿಸಲು ನೆರವಾಯಿತು. 2019ರ ಹೊತ್ತಿಗೆ ಆ ಶಕ್ತಿ 148 ಕೋಟಿ ಡೋಸಿಗೆ ಏರಿತ್ತು. ಮಹಾಮಾರಿಯೇ ಬಂದು, ಎಲ್ಲ ಕಾರ್ಖಾನೆಗಳೂ ಆ ಒಂದೇ ತಳಿಯ ಲಸಿಕೆಯನ್ನು ಹನ್ನೆರಡು ತಿಂಗಳೂ ಮಾಡುತ್ತಾ ಕೂತರೆ, ಎಲ್ಲವೂ ಸುಸೂತ್ರವಾಗಿ ನಡೆದರೆ, 831 ಕೋಟಿ ಡೋಸ್. ಮೊಟ್ಟೆ ಸಾಲದೆ, ಶೀಶೆ ಸಿಗದೆ, ತಳಿ ಸರಿಯಾಗಿ ಬೆಳೆಯದೆ ಎಡವಟ್ಟಾದರೆ ಅದರ ಅರ್ಧ, 415 ಕೋಟಿ. ಹೊಸ ತಳಿಗೆ ಒಬ್ಬರಿಗೆ ಎರಡು ಡೋಸ್ ಬೇಕಾಗಬಹುದು. ಆಗ ಅದು ಇನ್ನೂರು ಕೋಟಿ ಜನಕ್ಕೆ ಸಾಲುವಷ್ಟು, ಅದೂ ಒಂದು ವರ್ಷದ ಕೊನೆಗೆ. ಉಳಿದ ಐನೂರು ಅರುನೂರು ಕೋಟಿ ಜನ ಯಾರು? ಆ ಸರದಿಯಲ್ಲಿ ಹಾರನಹಳ್ಳಿಗೆ ಎಷ್ಟನೆಯ ಜಾಗ?

ಒಮ್ಮೆ ಇದರ ಉತ್ತರ ನೋಡಿದ್ದೇವೆ. ಜನ ಹಂದಿಜ್ವರ ಎಂದು ಕರೆದ ಎಚ್1ಎನ್1 ಫ್ಲೂವನ್ನು ಮಹಾಮಾರಿ ಎಂದು 2009ರ ಜೂನ್ 11ರಂದು ಘೋಷಿಸಿದರು. ಆಗಸ್ಟ್ 3ಕ್ಕೆ ಪುಣೆಯಲ್ಲಿ ಭಾರತದ ಮೊದಲ ಸಾವು. ಕೆಲವೇ ದಿನಗಳಲ್ಲಿ ಬೆಂಗಳೂರಿನ ಆಸ್ಪತ್ರೆಗಳ ಮುಂದೆ ಬಾಯಿಗೆ ಕರವಸ್ತ್ರ ಕಟ್ಟಿದ ಜನರ ಸಾಲು. ಲಸಿಕೆ? ಶ್ರೀಮಂತ ದೇಶಗಳು ಕಾರ್ಖಾನೆಗಳ ಜೊತೆ ಮೊದಲೇ ಕರಾರು ಮಾಡಿಕೊಂಡಿದ್ದವು. ತನ್ನ ನೆಲದಲ್ಲಿ ತಯಾರಾದ ಲಸಿಕೆಯನ್ನು ಆಸ್ಟ್ರೇಲಿಯಾ ಮೊದಲು ತನ್ನ ಜನಕ್ಕೆ ಎಂದಿತು, ಅಮೆರಿಕದಂಥ ಅಮೆರಿಕವೂ ಕಾಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ದಾನವಾಗಿ ಕೂಡಿಸಿ 77 ದೇಶಗಳಿಗೆ ಮುಟ್ಟಿಸಿದ್ದು ಒಟ್ಟು 7.8 ಕೋಟಿ ಡೋಸ್. ನಮ್ಮ ದೇಶದ ಕಂಪನಿಗಳೂ ದುಡಿದವು. ಅಹಮದಾಬಾದಿನ ಝೈಡಸ್ ಕ್ಯಾಡಿಲಾದ ಲಸಿಕೆ 2010ರ ಜೂನ್‌ನಲ್ಲಿ ಬಂತು, ಪುಣೆಯ ಸೀರಂ ಸಂಸ್ಥೆಯ ಮೂಗಿಗೆ ಸಿಂಪಡಿಸುವ ಲಸಿಕೆ ಜುಲೈನಲ್ಲಿ. ಆಗಸ್ಟ್ 10ಕ್ಕೆ ಮಹಾಮಾರಿ ಮುಗಿಯಿತೆಂದು ಘೋಷಣೆ! ಆ ವಿಜ್ಞಾನಿಗಳನ್ನು ನಾನು ದೂರುವುದಿಲ್ಲ, ವರ್ಷವೊಂದರಲ್ಲಿ ಅಷ್ಟು ಮಾಡಿದ್ದು ದೊಡ್ಡದು. ಆದರೆ ಮಳೆ ಬಿದ್ದ ಮೇಲೆ ಮಡಿ ಮಾಡಿದಂತಾಯಿತು.

ಲಸಿಕೆಯ ಬೀಜ ಎಲ್ಲಿಂದ ಬರುತ್ತದೆ ಎಂಬುದನ್ನೂ ಹೇಳಬೇಕು. ಅದು ಬರುವುದು ರೋಗಿಯ ಗಂಟಲಿನಿಂದ. ಆಸ್ಪತ್ರೆಯಲ್ಲಿ ಹತ್ತಿಕಡ್ಡಿ ತಾಕಿಸಿ ತೆಗೆದ ದ್ರವ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಂಥ ಕೇಂದ್ರಕ್ಕೆ ಹೋಗುತ್ತದೆ, ಅಲ್ಲಿಂದ ಲಂಡನ್, ಮೆಲ್ಬರ್ನ್, ಟೋಕಿಯೊ, ಬೀಜಿಂಗ್, ಅಟ್ಲಾಂಟಾಗಳ ಪ್ರಯೋಗಾಲಯಗಳಿಗೆ. 1952ರಿಂದ ಈ ಜಾಲ ನಡೆದುಕೊಂಡು ಬಂದಿದೆ. ನೆರೆಯ ನೀಲಗಿರಿಯ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲೂ ಆ ಕಾಲದಲ್ಲಿ ಇನ್‌ಫ್ಲುಯೆಂಜಾ ಕೇಂದ್ರವಿತ್ತು. ಈ ಕೊಡುಕೊಳ್ಳುವಿಕೆಯಲ್ಲಿ ಒಂದು ದೊಡ್ಡ ಅನ್ಯಾಯವಿದೆ ಎಂದು 2007ರಲ್ಲಿ ಇಂಡೋನೇಷ್ಯಾದ ಆರೋಗ್ಯ ಸಚಿವೆ ಸಿತಿ ಫಾದಿಲಾ ಸುಪಾರಿ ಎದ್ದು ನಿಂತರು. ನಮ್ಮ ಜನರ ಮೈಯಿಂದ ತೆಗೆದ ಹಕ್ಕಿಜ್ವರದ ವೈರಸ್ಸನ್ನು ಪುಕ್ಕಟೆ ಕೊಡುತ್ತೇವೆ, ಅದರಿಂದಾದ ಲಸಿಕೆಯನ್ನು ಕೊಳ್ಳುವ ಶಕ್ತಿ ನಮಗಿಲ್ಲ, ಇನ್ನು ಮುಂದೆ ಕೊಡುವುದಿಲ್ಲ ಎಂಬುದು ಅವರ ನಿಲುವು. ಮಾದರಿ ಕೊಡದಿದ್ದರೆ ಜಗತ್ತಿಗೇ ಅಪಾಯ ಎಂದು ಹಲವರು ಅವರನ್ನು ಬೈದರು. ಅಪಾಯ ನಿಜವೇ. ಆದರೂ ಆ ಹೆಣ್ಣುಮಗಳ ಮಾತಿನಲ್ಲಿ ನ್ಯಾಯವಿತ್ತು ಎಂದೇ ನನ್ನ ತೀರ್ಮಾನ. ಆಕೆ ಹಟ ಹಿಡಿದದ್ದರಿಂದ ನಾಲ್ಕು ವರ್ಷ ಮಾತುಕತೆ ನಡೆದು, 2011ರ ಮೇ ತಿಂಗಳಲ್ಲಿ ಒಂದು ಒಪ್ಪಂದವಾಯಿತು: ವೈರಸ್ಸಿನ ಮಾದರಿ ಪಡೆಯುವ ಕಂಪನಿಗಳು ಮಹಾಮಾರಿಯ ಕಾಲದಲ್ಲಿ ತಯಾರಾಗುತ್ತಿರುವ ಲಸಿಕೆಯಲ್ಲೇ ಒಂದು ಪಾಲನ್ನು ಅಗತ್ಯವಿರುವ ದೇಶಗಳಿಗಾಗಿ ತೆಗೆದಿಡಬೇಕು. 2025ರ ಮೇ 20ರಂದು ಎಲ್ಲ ಬಗೆಯ ಮಹಾಮಾರಿಗಳಿಗೂ ಅನ್ವಯಿಸುವ ಹೊಸ ಒಪ್ಪಂದ ಅಂಗೀಕಾರವಾಯಿತು. ಆದರೆ ಮಾದರಿಯನ್ನೂ ಲಸಿಕೆಯನ್ನೂ ಹಂಚಿಕೊಳ್ಳುವುದು ಹೇಗೆಂಬ ಮುಖ್ಯ ಅನುಬಂಧವನ್ನು ಆ ದಿನ ಮುಂದಕ್ಕೆ ಹಾಕಿದರು.

ಕಾಗದದ ಒಪ್ಪಂದವನ್ನೇ ನಂಬಿ ಕೂರಲಾಗದು ಎಂಬುದಕ್ಕೆ ನಮ್ಮದೇ ಅನುಭವ ಸಾಕ್ಷಿ. 2021ರ ಮೇ 1ರಿಂದ ಹದಿನೆಂಟು ತುಂಬಿದವರಿಗೆಲ್ಲ ಕೊರೊನಾ ಲಸಿಕೆ ಎಂದು ದೇಶವೇ ಸಾರಿತು, ಕರ್ನಾಟಕದಲ್ಲಿ ದಾಸ್ತಾನು ಸಾಲಲಿಲ್ಲ. ರಾಜ್ಯ ಸರ್ಕಾರ ಎರಡು ಕೋಟಿ ಡೋಸಿಗೆ ಜಾಗತಿಕ ಟೆಂಡರ್ ಕರೆಯಿತು, ಅದರಿಂದ ಲಸಿಕೆ ಬರಲಿಲ್ಲ. ಅದೇ ದಿನಗಳಲ್ಲಿ ಭಾರತ ತನ್ನ ಲಸಿಕೆಯ ರಫ್ತು ನಿಲ್ಲಿಸಿದ್ದರಿಂದ ಆಫ್ರಿಕಾದ ಎಷ್ಟೋ ದೇಶಗಳು ಬರಿಗೈಲಿ ಕಾದವು. 2009ರಲ್ಲಿ ಆಸ್ಟ್ರೇಲಿಯಾ ಮಾಡಿದ್ದನ್ನು ನಾವೂ ಮಾಡಿದೆವು. ಮನೆಗೆ ಬೆಂಕಿ ಬಿದ್ದಾಗ ಬಾವಿಯ ಹಗ್ಗವನ್ನು ಯಾರೂ ಪಕ್ಕದ ಮನೆಗೆ ಕೊಡುವುದಿಲ್ಲ. ಹಗ್ಗಗಳು ಮೊದಲೇ ಸಾಕಷ್ಟಿರಬೇಕು.

ಸಾಕಷ್ಟಿರುವುದು ಹೇಗೆ? ನಾನು ಹೇಳಬೇಕೆಂದು ಬಂದ ಮುಖ್ಯ ಮಾತು ಇಲ್ಲಿದೆ. ಮಹಾಮಾರಿಯ ಲಸಿಕೆ ಮಾಡುವ ಕಾರ್ಖಾನೆ ಎಂದು ಬೇರೆ ಇರುವುದಿಲ್ಲ. ವರ್ಷವರ್ಷದ ಫ್ಲೂ ಲಸಿಕೆ ಮಾಡುವ ಕಾರ್ಖಾನೆಯೇ ಆ ದಿನ ಕೈ ಬದಲಿಸಿ ಮಹಾಮಾರಿಯ ಲಸಿಕೆ ಮಾಡಬೇಕು. ವರ್ಷವರ್ಷ ಕೊಳ್ಳುವವರಿಲ್ಲದಿದ್ದರೆ ಆ ಕಾರ್ಖಾನೆ ಉಳಿಯುವುದಿಲ್ಲ. ಹೊಗೆಸೊಪ್ಪು ಹದಮಾಡುವ ಬ್ಯಾರನ್ನಿಗೆ ನಾಲ್ಕು ವರ್ಷ ಬೆಂಕಿ ಹಾಕದಿದ್ದರೆ ಅದರ ಕೊಳವೆ ತುಕ್ಕು ಹಿಡಿದಿರುತ್ತದೆ, ಅದನ್ನು ಸೊಪ್ಪು ಮುರಿದ ದಿನ ಹೊತ್ತಿಸುತ್ತೇನೆಂದರೆ ಆದೀತೇ? ನಮ್ಮ ದೇಶ ಜಗತ್ತಿಗೆಲ್ಲ ದಡಾರದ, ಪೋಲಿಯೊದ ಲಸಿಕೆ ಕಳಿಸುತ್ತದೆ. ಆದರೆ ಫ್ಲೂ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಇಲ್ಲ. ಬೇಕೆಂದವರು ಖಾಸಗಿ ಆಸ್ಪತ್ರೆಯಲ್ಲಿ ಸಾವಿರಕ್ಕೂ ಮೀರಿ ಹಣ ಕೊಟ್ಟು ಹಾಕಿಸಿಕೊಳ್ಳಬೇಕು. ಎಚ್.ಡಿ. ಕೋಟೆಯ ಹಾಡಿಯ ಜೇನುಕುರುಬರ ಬಸುರಿ ಹೆಂಗಸಿಗೆ, ಹಾರನಹಳ್ಳಿಯ ಕೂಲಿಯವಳಿಗೆ ಅದು ಆಗುವ ಮಾತಲ್ಲ.

ಸರ್ಕಾರಿ ಲಸಿಕಾ ಸಂಸ್ಥೆಗಳನ್ನು ನಾವು ನೋಡಿಕೊಂಡ ಬಗೆಯೂ ನೋವಿನದು. 2008ರ ಜನವರಿಯಲ್ಲಿ ಕೂನೂರಿನ ಪಾಶ್ಚರ್ ಸಂಸ್ಥೆ, ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆ, ಚೆನ್ನೈನ ಬಿಸಿಜಿ ಪ್ರಯೋಗಾಲಯ ಮೂರರ ತಯಾರಿಕಾ ಪರವಾನಗಿಯನ್ನೂ ತಡೆಹಿಡಿದರು. ಕಟ್ಟಡ, ಯಂತ್ರ, ಶುಚಿತ್ವ ಈ ಕಾಲದ ಮಟ್ಟಕ್ಕಿಲ್ಲ ಎಂಬ ಕಾರಣ ಸುಳ್ಳಲ್ಲ. ಆದರೆ ಕಟ್ಟಡ ರಿಪೇರಿ ಮಾಡಿ ಕೆಲಸ ಮುಂದುವರಿಸುವ ಬದಲು ಕೆಲಸವನ್ನೇ ನಿಲ್ಲಿಸಿದ್ದು ತಪ್ಪು. ಆದೇಶ ಹಿಂದಕ್ಕೆ ಬರಲು 2010 ಆಯಿತು. ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ಕತೆಯೂ ಹೀಗೇ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಂಡ ರೋಗ ಅದು. ಅದಕ್ಕೆಂದು ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆ ಪರಿಣಾಮಕಾರಿಯಲ್ಲವೆಂದು 2022ರ ಹೊತ್ತಿಗೆ ನಿಂತಿತು, ಹೊಸದು ಕೈಗೆ ಬರುವ ಮೊದಲೇ.

ಹಕ್ಕಿಜ್ವರವಂತೂ ನಮ್ಮ ಬಾಗಿಲಿಗೇ ಬಂದು ಹೋಗಿದೆ. 2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತವು. 2017ರ ಜನವರಿಯಲ್ಲಿ ಹಕ್ಕಿಗಳು ಸತ್ತು ಮೈಸೂರು ಮೃಗಾಲಯ ಒಂದು ತಿಂಗಳು ಬಾಗಿಲು ಹಾಕಿತು. 2020ರ ಮಾರ್ಚ್‌ನಲ್ಲಿ, ಇನ್ನೇನು ಲಾಕ್‌ಡೌನ್ ಬರುವುದರಲ್ಲಿದ್ದಾಗ, ಮೈಸೂರಿನ ಕುಂಬಾರಕೊಪ್ಪಲಿನಲ್ಲಿ ಹಕ್ಕಿಜ್ವರ ದೃಢಪಟ್ಟು ಸುತ್ತಮುತ್ತಲ ಕೋಳಿಗಳನ್ನೆಲ್ಲ ಕೊಂದು ಹೂಳಿದರು. ಅದು ಜನರಿಗೆ ಹರಡಲಿಲ್ಲ. ಆದರೆ ಮುಂದಿನ ಮಹಾಮಾರಿ ಹಕ್ಕಿಯಿಂದಲೇ ಬಂದರೆ ಲಸಿಕೆಗೆ ಮೊಟ್ಟೆ ಕೊಡುವ ಕೋಳಿಯೇ ಮೊದಲು ಸಾಯಬಹುದು. ಅದಕ್ಕೇ ಮೊಟ್ಟೆಯಿಲ್ಲದೆ ಜೀವಕೋಶಗಳಲ್ಲಿ ಬೆಳೆಸುವ ಲಸಿಕೆ, ಕೊರೊನಾ ಕಾಲದಲ್ಲಿ ಬಂದ ಎಂಆರ್‌ಎನ್‌ಎ ಬಗೆಯ ಲಸಿಕೆ, ಇವುಗಳ ಕೆಲಸ ನಿಲ್ಲಬಾರದು.

ನಮ್ಮ ಕಡೆ ಫ್ಲೂ ಹೆಚ್ಚುವುದು ಮಳೆಗಾಲದಲ್ಲಿ. ಅದೇ ಜುಲೈ, ಆಗಸ್ಟ್‌ನಲ್ಲಿ ಬ್ಯಾರನ್ ಹೊತ್ತುತ್ತದೆ. ಹೊರಗೆ ಜಡಿ ಹಿಡಿದಿರುತ್ತದೆ, ಒಳಗೆ ತಗಡಿನ ಮಾಡಿನ ಕೆಳಗೆ ಹದಿನೈದು ಇಪ್ಪತ್ತು ಹೆಣ್ಣಾಳುಗಳು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಕಡ್ಡಿಗೆ ಸೊಪ್ಪು ಕಟ್ಟುತ್ತಿರುತ್ತಾರೆ. ಪಕ್ಕದಲ್ಲೇ ಸೀರೆ ಹಾಸಿ ಮಲಗಿಸಿದ ಕೂಸು. ಒಬ್ಬಳು ಕೆಮ್ಮಿದರೆ ವಾರದೊಳಗೆ ಸಾಲಿಗೆ ಸಾಲೇ ಮಲಗುತ್ತದೆ. ಆರು ತಿಂಗಳು ತುಂಬದ ಕೂಸಿಗೆ ಫ್ಲೂ ಲಸಿಕೆ ಹಾಕುವಂತಿಲ್ಲ. ತಾಯಿ ಬಸುರಿಯಾಗಿದ್ದಾಗ ಹಾಕಿಸಿಕೊಂಡರೆ ಮಾತ್ರ ಆ ರಕ್ಷಣೆ ಕೂಸಿಗೂ ಬರುತ್ತದೆ. 2012ರಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಬಸುರಿಯರಿಗೆ ಮೊದಲ ಆದ್ಯತೆ ಎಂದು ಹೇಳಿದೆ. ನಮ್ಮ ಹವಾಮಾನಕ್ಕೆ ಏಪ್ರಿಲ್, ಮೇ ತಿಂಗಳಲ್ಲಿ ಹಾಕಿಸಿಕೊಳ್ಳುವುದು ಸರಿ. ಭರಣಿ ಮಳೆಗೆ ಸಸಿ ನೆಡುವ ಕಾಲವೇ ಅದು.

ಲಸಿಕೆ ಹಾಕುವ ಕೈಗಳು ನಮ್ಮಲ್ಲಿವೆ. ಬೆಳಗಿನ ಜಾವ ಫ್ರೀಜರಿನಿಂದ ಐಸ್‌ಪ್ಯಾಕ್ ತೆಗೆದು ಮೇಜಿನ ಮೇಲಿಟ್ಟು ಕಾಯುತ್ತಿದ್ದೆವು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ನೀರು ಗುಳುಕ್ ಎನ್ನಬೇಕು. ಆ ಸದ್ದು ಕೇಳುವ ಮೊದಲೇ ಪೆಟ್ಟಿಗೆಗೆ ಇಟ್ಟರೆ ಎಷ್ಟೋ ಬಗೆಯ ಲಸಿಕೆ ಹೆಪ್ಪುಗಟ್ಟಿ ಕೆಡುತ್ತದೆ, ಫ್ಲೂ ಲಸಿಕೆಯೂ ಹಾಗೆಯೇ. ಎರಡರಿಂದ ಎಂಟು ಡಿಗ್ರಿಯೊಳಗೆ ಕೊನೆಯ ಹಾಡಿಯ ತನಕ ಒಯ್ಯುವ ಈ ವಿದ್ಯೆ ನಮ್ಮ ಪ್ರತಿಯೊಬ್ಬ ಆರೋಗ್ಯ ಸಹಾಯಕಿಗೂ ಕರಗತ. ಇನ್ನೂರು ವರ್ಷದ ಹಿಂದೆ ಫ್ರಿಜ್ಜೇ ಇಲ್ಲದ ಕಾಲದಲ್ಲಿ, ಸಿಡುಬಿನ ಲಸಿಕೆ ಮಕ್ಕಳ ತೋಳಿನಿಂದ ತೋಳಿಗೆ ದಾಟಿಕೊಂಡು 1802ರಲ್ಲಿ ಬೊಂಬಾಯಿಗೆ ಬಂತು. ಮೈಸೂರು ರಾಣಿಯರನ್ನು ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರವೊಂದಿದೆ. ಅದರಲ್ಲಿ ಕಿರಿಯ ರಾಣಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ದೇವಿ, ಅಂದರೆ ಅದೇ ಲಸಿಕೆ, ಹಾಕಿಸಿಕೊಂಡ ಜಾಗವನ್ನೇ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಅಂಥ ಊರಿನವರು ನಾವು.

ಕೇಳುಗ ಬಂಧುಗಳೇ, ಕೋಳಿಗಳು ಕಾರಣವಿಲ್ಲದೆ ಸಾಲಾಗಿ ಸತ್ತರೆ ಮುಚ್ಚಿಡಬೇಡಿ, ಬರಿಗೈಲಿ ಮುಟ್ಟಬೇಡಿ, ಪಶುವೈದ್ಯರಿಗೆ ತಿಳಿಸಿ. ಜ್ವರ, ಕೆಮ್ಮು ಬಂದಾಗ ಆಸ್ಪತ್ರೆಯಲ್ಲಿ ಗಂಟಲಿನ ಮಾದರಿ ಕೇಳಿದರೆ ಬೇಡವೆನ್ನಬೇಡಿ, ಮುಂದಿನ ಲಸಿಕೆಯ ಬೀಜ ಅದರಲ್ಲೇ ಇರಬಹುದು. ಬಸುರಿಯರಿಗೆ, ಅರವತ್ತು ದಾಟಿದವರಿಗೆ, ಸಕ್ಕರೆ ಕಾಯಿಲೆ, ಗೂರಲು ಇರುವವರಿಗೆ, ಆಶಾ ಕಾರ್ಯಕರ್ತೆಯರಿಗೆ ಮಳೆಗಾಲಕ್ಕೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಫ್ಲೂ ಲಸಿಕೆ ಪುಕ್ಕಟೆ ಸಿಗಬೇಕೆಂದು ಸರ್ಕಾರವನ್ನು ಕೇಳೋಣ. ದಯವಿಟ್ಟು ಮುಂದಿನ ಗ್ರಾಮಸಭೆಗೆ ಹೋಗಿ, ಎದ್ದು ನಿಂತು, ಈ ಒಂದು ಬೇಡಿಕೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ ಬನ್ನಿ.